ಕೊನೆ ಪುಟದ ಬೀಗ

ನಾನು ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಹಾಲಿನವನ ಅಳತೆಯನ್ನೂ ಎರಡು ಸಲ ನೋಡುತ್ತೇನೆ. ಕೊಟ್ಟೂರಿನ ನಮ್ಮ ವಾರಪತ್ರಿಕೆಗೆ ಗಂಡ ಗುರುಶಾಂತ ಬರೆಯುತ್ತಾರೆ, ನಾನು ಅನುಮಾನ ಪಡುತ್ತೇನೆ.

ಗುಟ್ಟಿನ ಸುದ್ದಿ ಕಳಿಸುವವರಿಗೆಂದು ಕೊನೆ ಪುಟದಲ್ಲಿ, ಶೇಂಗಾ ಧಾರಣೆಯ ಕೆಳಗೆ, ನಮ್ಮ ಇಮೇಲಿನ ಬೀಗ ಅಚ್ಚಾಗುತ್ತದೆ. ಚೌಕದ ಆ ಗುರುತನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಪತ್ರಕ್ಕೆ ಬೀಗ ಹಾಕಬಹುದು. ತೆಗೆಯುವ ಕೀಲಿ ನಮ್ಮಲ್ಲಿ ಮಾತ್ರ. ಮೂರು ವರ್ಷದಲ್ಲಿ ಅದನ್ನು ಬಳಸಿದವನು ಒಬ್ಬನೇ, ಶಾಲೆಗಳಿಗೆ ಬಿಸಿಯೂಟದ ಎಣ್ಣೆ ಕಳಿಸುವ ಗೋದಾಮಿನ ಗುಮಾಸ್ತ ಮಾರೇಶ್. ಅವನು ಯಾರೆಂದು ನಮಗೆ ಗೊತ್ತಿದ್ದರೂ ನೌಕರಿಯ ಭಯಕ್ಕೆ ಪತ್ರದಲ್ಲಿ ಹೆಸರು ಹಾಕುತ್ತಿರಲಿಲ್ಲ, ಪ್ರತಿ ಸಲ ಹೊಸ ವಿಳಾಸದಿಂದ ಬರೆಯುತ್ತಿದ್ದ.

‘ಮಕ್ಕಳ ಎಣ್ಣೆ ಕದಿಯುವವರು ಯಾರು? ಮುಂದಿನ ವಾರ’ ಎಂದು ನಾವು ಹಾಕಿದ ಮರುದಿನ ಬೀಗದ ಪತ್ರವೊಂದು ಬಂತು. ಕಾನಹೊಸಹಳ್ಳಿ ಕಡೆಯ ಶಾಲೆಯ ಅಡುಗೆಯ ಅಂಜಿನಕ್ಕ ಎಣ್ಣೆ ಮಾರುತ್ತಾಳಂತೆ. ಕೆಳಗೆ ‘ನಿಮ್ಮ ಗೋದಾಮಿನ ಗೆಳೆಯ’ ಎಂದಿತ್ತು.

“ಸಂತಿಗೆ ಹೊಸ ಸೀರಿ ಉಟ್ಕೊಂಡು ಬಂದಿದ್ಲು. ನನಗ ಆವತ್ತ ಅನುಮಾನ ಬಂದಿತ್ರಿ” ಎಂದುಬಿಟ್ಟೆ.

ಇವರು ಆಗಲೇ ಬರೆಯಲು ಕೂತರು. ಅಚ್ಚಾದರೆ ಅಂಜಿನಕ್ಕನ ಕೆಲಸ ಹೋಗುತ್ತದೆ, ಊರಲ್ಲಿ ತಲೆ ಎತ್ತಿ ತಿರುಗುವಂತಿಲ್ಲ. ಪುಟ ಕಟ್ಟುವಾಗ ಮಾರೇಶನ ಹಳೆಯ ಪತ್ರಗಳನ್ನು ತೆಗೆದೆ. ಪ್ರತಿಯೊಂದರ ತಲೆಯ ಮೇಲೂ ಹಸಿರು ಪಟ್ಟಿ: ‘ಸಹಿ ಸರಿಯಿದೆ.’ ಹೆಸರಿಲ್ಲದ ಆ ಡಿಜಿಟಲ್ ಸಹಿಯನ್ನು ಅವನದೇ ಬೇರೊಂದು ಗುಟ್ಟಿನ ಕೀಲಿಯಿಂದಷ್ಟೇ ಹಾಕಲು ಸಾಧ್ಯ. ಹೊಸ ಪತ್ರದ ಮೇಲೆ ಪಟ್ಟಿಯೇ ಇಲ್ಲ.

“ಇದು ಮಾರೇಶಂದಲ್ರಿ.”

“ಬೀಗ ಹಾಕಿ ಬಂದೈತಿ, ನಮ್ಮ ಕೀಲಿಗೇ ತೆಗೀತು. ಅವನಲ್ದ ಮತ್ಯಾರು? ನಿಂದೊಂದು ಅನುಮಾನದ ರೋಗ ಪುಷ್ಪಾ.”

ನನಗೆ ರೇಗಿತು. ಒಳಗೆ ಹೋಗಿ, ಹಳೆಯ ಸಂಚಿಕೆಯ ಬೀಗ ಸ್ಕ್ಯಾನ್ ಮಾಡಿ, ನನ್ನ ಮೊಬೈಲಿನಿಂದ ಹೊಸ ವಿಳಾಸ ಮಾಡಿ ಒಂದು ಪತ್ರ ಕಳಿಸಿದೆ. ಹೊರಗೆ ಇವರು ಅದನ್ನು ತೆರೆದು ಜೋರಾಗಿ ಓದಿದರು:

“‘ಎಣ್ಣೆ ಕದ್ದವನು ಪತ್ರಕರ್ತ ಗುರುಶಾಂತ. ನಿಮ್ಮ ಗೋದಾಮಿನ ಗೆಳೆಯ.’”

ಬೀಗವೂ ಇತ್ತು, ನಮ್ಮ ಕೀಲಿಗೆ ತೆರೆದುಕೊಂಡೂ ಇತ್ತು. ಇವರ ನಗು ಅರ್ಧಕ್ಕೇ ನಿಂತಿತು.

“ಬೀಗಾನ ನಾವ ಊರಿಗೆಲ್ಲ ಹಂಚೀವ್ರಿ. ನಾವಷ್ಟ ಓದಬೌದು ಅಂತ ಹೇಳತೈತಿ, ಯಾರು ಬರದ್ರು ಅಂತ ಹೇಳಂಗಿಲ್ಲ. ಅದನ್ನ ಹೇಳೋದು ಸಹಿ.”

ಮಾರೇಶನ ಕೊನೆಯ ವಿಳಾಸಕ್ಕೆ ಬರೆದು ಅವನನ್ನೇ ಕೇಳಿದೆವು. ಸಂಜೆ ಉತ್ತರ ಬಂತು, ಹಸಿರು ಪಟ್ಟಿಯೊಂದಿಗೆ. “ಅದು ನನ್ನ ಪತ್ರವಲ್ಲ. ಎಣ್ಣೆ ಕಡಿಮೆಯಾಗುವುದು ಗೋದಾಮಿನ ಬಾಗಿಲಲ್ಲೇ, ಶಾಲೆಯಲ್ಲಲ್ಲ. ತೂಕದ ಚೀಟಿಗಳು ಇಲ್ಲಿವೆ.” ನಾವು ಚೀಟಿಗಳನ್ನೇ ಅಚ್ಚು ಹಾಕಿದೆವು.

ಸಂತೆಯ ದಿನ ಅಂಜಿನಕ್ಕ ಪತ್ರಿಕೆ ಕೊಳ್ಳಲು ಬಂದಳು. ಅದೇ ಸೀರೆ.

“ಈ ವಾರ ಭಾಳ ಚಲೋ ಬರದೀರಿ ಅಂತಾರ ಯಕ್ಕಾ” ಎಂದಳು. ನಾನು ಸೀರೆಯನ್ನೇ ನೋಡುತ್ತಿದ್ದುದು ಕಂಡು ಸೆರಗು ಮುಂದೆ ಹಿಡಿದಳು. “ಚಲೋ ಐತಲ್ಲಾ? ಮಗಳು ಕೊಡಿಸ್ಯಾಳ, ಮೊದಲ್ನೇ ಪಗಾರದಾಗ.”

“ಚಲೋ ಐತಿ” ಎಂದೆ. ಅವಳ ಮುಖ ನೋಡಲಾಗಲಿಲ್ಲ. ಪತ್ರ ಬರೆದವನು ಯಾರೋ, ಗೊತ್ತಿಲ್ಲ. ಅದನ್ನು ಮೊದಲು ನಂಬಿದವಳು ನಾನೇ.