ಹುಣಸೆಹುಳಿಯಲ್ಲಿ ತೊಳೆದ ಡಬ್ಬಿ

ನಾನು ನೀರು ಸೋಸುವ, ಮೈಯೆಲ್ಲ ತೂತುಗಳಿರುವ ಒಂದು ಸ್ಟೀಲ್ ಡಬ್ಬಿ. ಹುಟ್ಟಿದ್ದು ಪ್ರಯೋಗಾಲಯದಲ್ಲಿ. ನನ್ನ ಹೊಟ್ಟೆಯ ತುಂಬ ತುಕ್ಕಿನ ಬಣ್ಣದ ಹರಳುಗಳಿವೆ. ಅವುಗಳ ಮೈಗೆ ಕಬ್ಬಿಣದ ನ್ಯಾನೊ ಕಣಗಳನ್ನು ಹಚ್ಚಿದ್ದಾರೆ. ಕಣ್ಣಿಗೆ ಕಾಣದಷ್ಟು ಸಣ್ಣವು, ಆದರೆ ನೀರಿನಲ್ಲಿರುವ ಆರ್ಸೆನಿಕ್ ವಿಷವನ್ನು ಹಿಡಿದರೆ ಬಿಡುವುದಿಲ್ಲ.

ರಾಯಚೂರು ಸೀಮೆಯ ಒಂದು ಊರಿಗೆ ನನ್ನನ್ನು ತಂದರು. ಅಲ್ಲಿ ಭೂಮಿಯೊಳಗಿನ ಬಂಡೆಯಲ್ಲೇ ಆ ವಿಷ. ಬೋರಿನ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಕೆಟ್ಟಿಲ್ಲ. ನನ್ನ ಹೆದರಿಕೆ ಅದೇ ನೋಡಿ: ನಾನು ಸೋತರೆ ಯಾರಿಗೂ ಗೊತ್ತಾಗುವುದಿಲ್ಲ.

ಆಶಾ ಕಾರ್ಯಕರ್ತೆ ಶರಣಮ್ಮ ನನ್ನನ್ನು ಹುಲಿಗೆಮ್ಮನ ಮನೆಯ ಫಿಲ್ಟರಿನಲ್ಲಿ ಕೂರಿಸಿದಳು. ಸೊಸೆ ನೀಲಮ್ಮ ತುಂಬಿದ ಬಸುರಿ. "ಇನ್ನ ಇದರ ನೀರ ಕುಡೀವಾ. ಡಬ್ಬಿ ಸ್ವಚ್ಛ ಇಟ್ಕೋರಿ" ಎಂದಳು ಶರಣಮ್ಮ ಅವಳಿಗೆ.

ಸ್ವಚ್ಛ! ಆ ಮಾತೇ ನನಗೆ ಮುಳುವಾಯಿತು. ಅಮಾವಾಸ್ಯೆಗೆ ಮನೆಯ ತಾಮ್ರ, ಹಿತ್ತಾಳೆಯನ್ನೆಲ್ಲ ಹುಣಸೆಹುಳಿ ಹಾಕಿ ತಿಕ್ಕುವುದು ಹುಲಿಗೆಮ್ಮನ ಪದ್ಧತಿ. ಅವಳ ಕಣ್ಣು ನನ್ನ ಮೇಲೆ ಬಿತ್ತು.

"ನೀಲಾ, ಈ ಡಬ್ಬಿ ನೋಡಿಲ್ಲಿ. ಆಗ್ಲೇ ತುಕ್ಕು ಹಿಡದೈತಿ!"

"ಅದರ ಬಣ್ಣನ ಹಂಗ ಏನೋ, ಅತ್ತಿ."

"ನಿನಗ ಎಲ್ಲಾ ಹಂಗ ಕಾಣ್ತೈತಿ. ನೀ ತಿಕ್ಕಿದ ನೀರಿನ ಚರಗೀನೂ ಹಂಗ, ಕರ್ರಗ!"

ಹುಣಸೆಹುಳಿಯ ನೀರಿನಲ್ಲಿ ನನ್ನನ್ನು ನೆನೆಹಾಕಿದಳು. ಹುಳಿ ನನ್ನ ಕಬ್ಬಿಣವನ್ನು ಕರಗಿಸುತ್ತ ಹೋಯಿತು. ಹಿಡಿದಿಟ್ಟಿದ್ದ ವಿಷದ ಮೇಲಿನ ಹಿಡಿತವೂ ಸಡಿಲವಾಯಿತು. ಕೂಗೋಣವೆಂದರೆ ಬಾಯಿಲ್ಲ.

ತೊಳೆದು ಮತ್ತೆ ಫಿಲ್ಟರಿಗೆ ಹಾಕಿದಳು. ತೊಟ್ಟಿಕ್ಕಿದ ನೀರು ತಿಳಿಯಾಗಿಯೇ ಕಂಡಿತು. ನೀಲಮ್ಮ ಲೋಟ ಹಿಡಿದು ಬಂದಳು. ಲೋಟ ತುಂಬಿತು, ತುಟಿಯ ತನಕವೂ ಹೋಯಿತು.

"ತಡಿಯವಾ, ಬರೇ ನೀರ್ಯಾಕ? ಚಾ ಕಾಸ್ತೀನಿ" ಎಂದು ಅತ್ತೆ ಲೋಟ ಕಸಿದು ಪಾತ್ರೆಗೆ ಸುರಿದಳು. ಚಹಾಪುಡಿ ಬೀಳುತ್ತಲೇ ನೀರು ಮಸಿಯಂತೆ ಕಪ್ಪಾಯಿತು. ಕರಗಿ ಉಳಿದಿದ್ದ ನನ್ನ ಕಬ್ಬಿಣವೇ ಚಹಾದೊಡನೆ ಕೂಡಿ ಹಾಗಾಗಿತ್ತು.

ಹುಲಿಗೆಮ್ಮ ಪಾತ್ರೆ ಇಳಿಸಿ, ಹುಳಿಯಲ್ಲಿ ತೊಳೆದ ನನ್ನತ್ತ ತಿರುಗಿದಳು. ಆಮೇಲೆ ತಾನೇ ಓಡಿ ಶರಣಮ್ಮನನ್ನು ಕರೆತಂದಳು.

"ಯಮ್ಮಾ, ಹುಳಿಯಾಗ ತೊಳದ್ರೇನು? ಔಷಧೆಲ್ಲ ಬಿಟ್ಟು ಹೋಗ್ತೈತಿ!" ಎಂದಳು ಶರಣಮ್ಮ.

"ಕೂಸಿಗೇನಾಗಂಗಿಲ್ಲಲ್ಲ?"

"ಆಕಿ ಕುಡದಾಳೇನು?"

"ಇಲ್ಲ. ಇಲ್ಲ. ನೀಲಾ, ಕುಡದಿಲ್ಲಲ್ಲ ನೀನು? ಖರೇ ಹೇಳು."

"ಕುಡದಿಲ್ಲತ್ತಿ. ನೀನ ಕಸಗೊಂಡಿಯಲ್ಲ."



ನನ್ನ ಜಾಗಕ್ಕೆ ಹೊಸ ಡಬ್ಬಿ ಬಂತು. ತಿಪ್ಪೆಗೆ ಎಸೆದರೆ ವಿಷ ಮತ್ತೆ ಮಣ್ಣಿಗೆ ಸೇರುತ್ತದೆಂದು ನನ್ನನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮುಚ್ಚಿ ಗೋದಾಮಿಗೆ ಒಯ್ದರು. ನನ್ನಂಥ ಮುದಿ ಡಬ್ಬಿಗಳು ಇಲ್ಲಿ ಬೇಕಾದಷ್ಟಿವೆ. ಮಳೆ ಬಂದರೆ ಎಲ್ಲರೂ ಸುಮ್ಮನಾಗಿ ಆಲಿಸುತ್ತೇವೆ. ನೀರಿಗಾಗಿಯೇ ಹುಟ್ಟಿದವರು ನಾವು. ಈಗ ಹೊಟ್ಟೆಯ ತುಂಬ ವಿಷ; ಒಂದು ಹನಿಯೂ ನಮ್ಮನ್ನು ಮುಟ್ಟದಿರಲಿ.