ಸುಣ್ಣ ಬಳಿದ ಕಲ್ಲುಗಳು

ನಮ್ಮ ಯಜಮಾನರು ಊರಾಚೆಯ ಹುಲ್ಲುಬಯಲಿನ ಕಾವಲುಗಾರರು. ಹಕ್ಕಿಗಳಿಗೆಂದೇ ಸರ್ಕಾರ ಬಿಟ್ಟ ಜಾಗ ಅದು. ಗಾಡಿ ಓಡಿಸಬಾರದು, ಕಸ ಸುರಿಯಬಾರದು ಎಂದು ಬೋರ್ಡೇನೋ ಇದೆ. ಅಲ್ಲಿನ ಟಿಟ್ಟಿಭ ಹಕ್ಕಿಗಳು ಗೂಡು ಕಟ್ಟುವುದಿಲ್ಲ. ಬರಿನೆಲದಲ್ಲಿ ಮಣ್ಣುಬಣ್ಣದ ಮೊಟ್ಟೆ ಇಡುತ್ತವೆ. ಕಾಲಬುಡದಲ್ಲಿದ್ದರೂ ಕಣ್ಣಿಗೆ ಬೀಳವು.

ಹುಡುಗರು ಭಾನುವಾರ ಬೈಕು ತಂದು ಅಲ್ಲಿ ಗಿರಗಿರನೆ ಸುತ್ತತೊಡಗಿದ ಮೇಲೆ ನಮ್ಮವರಿಗೆ ಊಟ ಸೇರದಾಯಿತು.

“ಮೊಟ್ಟೆ ಎಲ್ಲಿದೆ ಅಂತ ಗೊತ್ತಾದ್ರೆ ಯಾರೂ ತುಳಿಯಲ್ಲ ಕಣೇ. ಅವರೂ ಮನುಷ್ಯರೇ ಅಲ್ವಾ?” ಎಂದರು.

ಗೋಡೆಗೆ ಬಳಿದು ಉಳಿದ ಸುಣ್ಣವಿತ್ತು. ಮಗಳೂ ನಾನೂ ಅಂಗಳದಲ್ಲಿ ಕೂತು ಕಲ್ಲುಗಳಿಗೆ ಬಳಿದೆವು. ಮೂಗಿಗೆಲ್ಲ ಸುಣ್ಣ ಮೆತ್ತಿಕೊಂಡವಳನ್ನು ನೋಡಿ ಅವಳಪ್ಪ, “ಇವಳನ್ನೂ ಬಯಲಲ್ಲಿ ಇಟ್ಟು ಬರೋಣ” ಎಂದು ನಕ್ಕರು. ಮೊಟ್ಟೆ ಇದ್ದ ಕಡೆಯೆಲ್ಲ, ಒಂದು ಮಾರು ದೂರದಲ್ಲಿ, ಒಂದೊಂದು ಕಲ್ಲು ಇಟ್ಟರು. ಕೊನೆಯದನ್ನು ಮಗಳೇ ಇಟ್ಟಳು. ಅಲ್ಲಿದ್ದ ಹಕ್ಕಿ ಅಂದಿನಿಂದ ಅವಳದಾಯಿತು.

ಮುಂದಿನ ಭಾನುವಾರ ನಮ್ಮವರು ಕಸದ ಲಾರಿ ತಡೆಯಲು ಬಯಲಿನ ಆಚೆ ತುದಿಗೆ ಹೋಗಿದ್ದರು. ಅವರು ಮನೆಗೆ ಬಂದು ಕೈಕಾಲು ತೊಳೆಯುವಷ್ಟರಲ್ಲಿ ನನ್ನ ತಮ್ಮನ ಬೈಕು ಬಾಗಿಲಿಗೆ ಬಂತು. ಮೈಯೆಲ್ಲ ಧೂಳು.

“ಅಕ್ಕಾ, ಟೀ ಇಡು. ಭಾವಾ, ಏನ್ ಟ್ರ್ಯಾಕ್ ಮಾಡಿಸಿದ್ದೀರಿ! ಕಲ್ಲು ಕಂಡಲ್ಲೆಲ್ಲ ಒಂದು ಸುತ್ತು ಹೊಡೆದ್ವಿ. ನಿಮ್ಮ ಸಾಹೇಬರಿಗೆ ಕೊನೆಗೂ ನಮ್ಮ ಮೇಲೆ ಕರುಣೆ ಬಂತಾ?”

ನಮ್ಮವರು ಟವೆಲ್ ಕೆಳಗಿಟ್ಟು ಮತ್ತೆ ಚಪ್ಪಲಿ ಮೆಟ್ಟಿದರು.

“ಮಾಮಾ, ಕಲ್ಲಿನ ಪಕ್ಕ ಮೊಟ್ಟೆ ಇತ್ತಲ್ಲ” ಎಂದಳು ಮಗಳು.

“ಯಾವ ಮೊಟ್ಟೆ ಪುಟ್ಟಿ?”

ಅವನಿಗೆ ನಿಜಕ್ಕೂ ಕಂಡಿರಲಿಲ್ಲ. ನಾನು ಒಲೆ ಆರಿಸಿದೆ.

ಎಲ್ಲರೂ ಬಯಲಿಗೆ ನಡೆದೇ ಹೋದೆವು. ಬೈಯುತ್ತಾರೇನೋ ಎಂದು ನನ್ನ ತಮ್ಮ ಹಿಂದೆ ಹಿಂದೆ ಬಂದ. ಯಾರೂ ಬೈಯಲಿಲ್ಲ. ತಲೆಯ ಮೇಲೆ ಹಕ್ಕಿಗಳು ಕಿರುಚುತ್ತ ಸುತ್ತುತ್ತಿದ್ದವು. ಪ್ರತಿ ಕಲ್ಲಿನ ಸುತ್ತಲೂ ಚಕ್ರದ ಗುರುತು, ಅದರೊಳಗೆ ಅಂಟಿದ ಚಿಪ್ಪು. ನಮ್ಮವರು ಬಗ್ಗಿ ಬಗ್ಗಿ ಕಲ್ಲುಗಳನ್ನು ಚೀಲಕ್ಕೆ ತುಂಬಿದರು. ಇಟ್ಟಷ್ಟೇ ಜೋಪಾನವಾಗಿ ಎತ್ತಿದರು. ಸ್ವಲ್ಪ ಹೊತ್ತಿಗೆ ತಮ್ಮನೂ ಚೀಲಕ್ಕೆ ಹೆಗಲು ಕೊಟ್ಟ.

ಕೊನೆಯ ಕಲ್ಲಿನ ಹತ್ತಿರ ಮಗಳ ಹಕ್ಕಿ ಹಾರದೆ ಕೂತಿತ್ತು. ಚಕ್ರ ಹರಿದ ಜಾಗದಲ್ಲೇ, ಕಾಲು ಮಡಚಿ, ಎದೆಯೂರಿ. ಕೆಳಗೆ ಕಾವು ಕೊಡಲು ಏನೂ ಉಳಿದಿರಲಿಲ್ಲ.

ನಮ್ಮವರು ಮುಂದೆ ಹೆಜ್ಜೆ ಇಡಹೋದರು. ಮಗಳು ಅವರ ಅಂಗಿ ಹಿಡಿದೆಳೆದಳು.

“ಬೇಡ ಅಪ್ಪಾ, ಎದ್ದರೆ ಅದಕ್ಕೆ ಗೊತ್ತಾಗಿಬಿಡುತ್ತೆ.”

ತುದಿಗಾಲಲ್ಲಿ ತಾನೇ ಹೋಗಿ, ಸದ್ದಾಗದಂತೆ ಕಲ್ಲೆತ್ತಿ, ಎದೆಗವಚಿಕೊಂಡು ಬಂದಳು.