ಮರಳುಚೀಲದ ಭಾಗ್ಯ

ಅವನ ಹೆಂಡತಿಗೆ ತಿರುಗಾಟದ ಹುಚ್ಚು. ದೂರದೂರಿಗೆ ರೈಲು ಹತ್ತುವ ಹುಚ್ಚಲ್ಲ, ಬೆಳಿಗ್ಗೆ ಹೊರಟು ಕತ್ತಲಾಗುವಷ್ಟರಲ್ಲಿ ಮನೆ ಸೇರುವ ಹುಚ್ಚು. ಸುತ್ತಮುತ್ತಲಿನ ಕೆರೆ, ಕಲ್ಲಿನ ಹಳೇ ಸೇತುವೆ, ಬಾವಲಿಗಳ ಗುಹೆ, ಹಕ್ಕಿಗಳು ಬಂದಿಳಿಯುವ ಜೌಗು, ಒಂದನ್ನೂ ಬಿಟ್ಟವಳಲ್ಲ. ರಜೆ ಬಂತೆಂದರೆ ಬುತ್ತಿ ಕಟ್ಟಿಕೊಂಡು, ಪಕ್ಕದ ಬೀದಿಯಲ್ಲಿದ್ದ ತನ್ನ ಅಕ್ಕನನ್ನು ಹಾಸಿಗೆಯಿಂದ ಎಬ್ಬಿಸಿಕೊಂಡು ಬಸ್ಸು ಹತ್ತಿಬಿಡುವಳು. ಆದರೆ ತನ್ನದೇ ಅಡುಗೆಮನೆಯ ಕಿಟಕಿಯಿಂದ ದಿನಾ ಕಾಣುವ ಬೆಟ್ಟದ ನೆತ್ತಿಯನ್ನು ಮಾತ್ರ ಅವಳು ನೋಡಿರಲಿಲ್ಲ. ಆ ಕಡಿದಾದ ಬೆಟ್ಟಕ್ಕೆ ಕಾಲುದಾರಿ ಇಲ್ಲ, ಕೇಬಲ್ ಕಾರೇ ಗತಿ. ತಮಾಷೆಯೆಂದರೆ, ಆ ಕೇಬಲ್ ಕಾರ್ ನಡೆಸುವವನು ಅವಳ ಗಂಡನೇ.

ಅವನನ್ನು ಅಲ್ಲಿ ಎಲ್ಲರೂ ಕರೆಯುವುದು ‘ಗಾಬರಿ’ ಎಂದು. ಹೆಸರು ಸುಮ್ಮನೆ ಬಂದದ್ದಲ್ಲ. ಒಮ್ಮೆ ಕೇಬಲ್ ಹೊತ್ತ ಮೂರನೇ ಕಂಬದಿಂದ ಏನೋ ಕಿರುಗುಟ್ಟುತ್ತಿದೆಯೆಂದು ಯಂತ್ರ ನಿಲ್ಲಿಸಿದ; ಹತ್ತಿ ನೋಡಿದರೆ ಹಕ್ಕಿಗೂಡು, ಒಳಗೆ ಬಾಯಿ ಕಳೆದ ಮರಿಗಳು. ಇನ್ನೊಮ್ಮೆ ಜನ ಕೂರುವ ಡಬ್ಬಿಯ ನೆಲದಿಂದ ಶಬ್ದ ಬರುತ್ತಿದೆಯೆಂದು ನಿಲ್ಲಿಸಿದ. ಅದು ಯಾವುದೋ ಮಗುವಿನ ಪೀಪಿ ಬೂಟು. ಮತ್ತೊಮ್ಮೆಯದಂತೂ ಮಾನ ಕಳೆಯಿತು: ಯಂತ್ರದ ಚೌಕಟ್ಟಿಗೆ ತಾಗಿ ಟಣ್ ಟಣ್ ಎನ್ನುತ್ತಿದ್ದದ್ದು ಅವನದೇ ಸೊಂಟದ ಬೀಗದ ಕೈಗೊಂಚಲು. ಟಿಕೆಟ್ ಕೌಂಟರಿನಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮ್ಯಾನೇಜರ್ ಒಳ್ಳೆಯವರು, ಬೈಯಲಿಲ್ಲ. ‘ಸುರಕ್ಷತೆ ಮುಖ್ಯ ಕಣಯ್ಯಾ’ ಎಂದು ಬೆನ್ನು ತಟ್ಟಿದರು. ತಟ್ಟುವಾಗ ಅವರಿಗೂ ನಗು ತಡೆಯಲಾಗಲಿಲ್ಲ. ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ಅವನಿಗೆ.

ಇಂಥವನು ಹೆಂಡತಿಯನ್ನು ಆ ಡಬ್ಬಿಯಲ್ಲಿ ಹತ್ತಿಸುತ್ತಾನೆಯೇ? ಗಾಳಿ ಜಾಸ್ತಿ ಎಂದ. ಮಂಜು ಎಂದ. ಮೇಲೇನಿದೆ, ಕಲ್ಲು ಮಣ್ಣು, ಅದನ್ನೇನು ನೋಡ್ತೀಯ ಎಂದ. ವರ್ಷಗಳಿಂದ ಹೀಗೇ ತಳ್ಳಿಕೊಂಡು ಬಂದ. ತಾನೂ ಹತ್ತಿದವನಲ್ಲ. ಮೇಲಿನ ನಿಲ್ದಾಣಕ್ಕೆ ಬೇರೆಯವರಿದ್ದರು, ಕಂಬ ಹತ್ತುವುದಿದ್ದರೆ ಕೆಳಗಿನಿಂದ ಏಣಿ ಇತ್ತು. ಅವನ ಜಾಗ ಕೆಳಗಿನ ಯಂತ್ರದ ಕೋಣೆ, ಅಷ್ಟೇ.

ಪ್ರತಿ ಬೆಳಿಗ್ಗೆ ಮೊದಲ ಸುತ್ತಿಗೆ ಜನ ಇಲ್ಲ. ಸೀಟಿಗೊಂದರಂತೆ ಮರಳುಚೀಲ ಕೂರಿಸಿ ಡಬ್ಬಿಯನ್ನು ಮೇಲಕ್ಕೆ ಕಳಿಸಿ ಇಳಿಸಬೇಕು. ಚೀಲಗಳು ಸುಖವಾಗಿ ಬಂದರೆ ಆಮೇಲೆ ಮನುಷ್ಯರು. ಇದನ್ನು ಕೇಳಿದ ದಿನದಿಂದ ಹೆಂಡತಿಗೆ ಅದೊಂದು ಮಾತು ಸಿಕ್ಕಿಬಿಟ್ಟಿತ್ತು.

“ಮರಳುಚೀಲಕ್ಕಿರೋ ಭಾಗ್ಯ ನನಗಿಲ್ಲ” ಎಂದಳು ಆ ಬೆಳಿಗ್ಗೆಯೂ, ಲೋಟ ಕುಕ್ಕಿ.

“ಚೀಲ ಬಿದ್ರೆ ಯಾರೂ ಅಳಲ್ಲ ಕಣೇ” ಎಂದುಬಿಟ್ಟ.

ಅವಳು ತಿರುಗಿ ನೋಡಿದಳು. “ಬಿದ್ರೆ ಅಂದ್ರೆ?”

ಅವನು ನಾಲಿಗೆ ಕಚ್ಚಿಕೊಂಡು ಚಪ್ಪಲಿ ಮೆಟ್ಟಿ ಹೊರಬಿದ್ದ. ದಾರಿಯುದ್ದಕ್ಕೂ ಅವನ ಕಣ್ಣು ಬೆಟ್ಟದ ಎರಡನೇ ಕಂಬದ ಮೇಲೇ ಇತ್ತು. ಯಾಕೆಂದರೆ ಕೆಲವು ದಿನಗಳಿಂದ ಅವನ ಕಿವಿಗೆ ಹೊಸದೊಂದು ಶಬ್ದ ಬೀಳುತ್ತಿತ್ತು. ಡಬ್ಬಿ ಎರಡನೇ ಕಂಬ ದಾಟುವಾಗ ಒಂದು ‘ಟಕ್’. ಕಿವಿಗಿಂತ ಕೈಗೇ ಅದು ಚೆನ್ನಾಗಿ ತಿಳಿಯುತ್ತಿತ್ತು. ಯಂತ್ರದ ಚೌಕಟ್ಟಿನ ಮೇಲೆ ಅಂಗೈ ಇಟ್ಟರೆ ಹಗ್ಗದುದ್ದಕ್ಕೂ ಇಳಿದುಬಂದು ಅಂಗೈಯನ್ನು ಸಣ್ಣಗೆ ಕುಟುಕುತ್ತಿತ್ತು. ಬೀಗದ ಕೈಗೊಂಚಲನ್ನು ತೆಗೆದು ಮೇಜಿನ ಮೇಲಿಟ್ಟು ನೋಡಿದ್ದ. ಆದರೂ ಟಕ್. ಹೇಳಬೇಕು ಎಂದು ಮ್ಯಾನೇಜರ್ ಕೋಣೆಯ ಬಾಗಿಲವರೆಗೂ ಹೋಗಿದ್ದ. “ಏನಪ್ಪಾ ಗಾಬರಿ, ಎಲ್ಲಾ ಸರಿಯಾ?” ಎಂದು ಅವರು ಕೇಳಿದ್ದೇ ತಡ, “ಸರಿ ಸಾರ್” ಎಂದು ಹಲ್ಲು ಕಿರಿದು ಹಿಂದಿರುಗಿದ್ದ. ಮತ್ತೆ ಎಲ್ಲರೂ ನಗುವುದನ್ನು ನೆನೆದರೆ ಮೈ ಹಿಡಿಯಷ್ಟಾಗುತ್ತಿತ್ತು. ಗಾಬರಿಯವನಿಗೆ ಶಬ್ದಕ್ಕಿಂತ ನಗುವೇ ದೊಡ್ಡ ಗಾಬರಿಯಾಗಿ ಕೂತಿತ್ತು, ಏನು ಹೇಳೋಣ!

ಅವತ್ತೂ ಚೀಲಗಳು ಹೋದವು. ಟಕ್. ಬಂದವು. ‘ಎಲ್ಲ ಸರಿ’ ಎಂಬ ಕಾಗದಕ್ಕೆ ಸಹಿ ಹಾಕಿದ. ಮೊದಲ ತಂಡದ ಜನ ಹೋದರು, ಕೈ ಬೀಸುತ್ತ, ಫೋಟೋ ಹೊಡೆಯುತ್ತ. ಟಕ್. ಮೇಲೆಲ್ಲ ಸುತ್ತಾಡಿ ಕೆಳಗೂ ಬಂದರು, ಏನೂ ಆಗಲಿಲ್ಲ. ‘ನೋಡು, ಏನೂ ಆಗಲ್ಲ’ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಎರಡನೇ ತಂಡಕ್ಕೆ ಬಾಗಿಲು ತೆರೆಯಲು ಹೋದರೆ, ಸಾಲಿನಲ್ಲಿ ಹೆಂಡತಿ! ಪಕ್ಕದಲ್ಲಿ ಅವಳಕ್ಕ, ಅಂದರೆ ಅವನ ಅತ್ತಿಗೆ, ತಲೆಗೆ ಬಿಗಿಯಾಗಿ ಸ್ಕಾರ್ಫ್ ಸುತ್ತಿಕೊಂಡು, ಯುದ್ಧಕ್ಕೆ ಹೊರಟವರಂತೆ.

“ಏನಿದು? ಇಳಿ... ಅಲ್ಲ, ಹೋಗು ಮನೆಗೆ” ಎಂದ ಪಿಸುದನಿಯಲ್ಲಿ.

“ಟಿಕೆಟ್ ತಗೊಂಡಿದೀವಿ, ಪುಕ್ಕಟೆ ಅಲ್ಲ” ಎಂದಳು ಅವಳು ಗಟ್ಟಿಯಾಗಿ.

“ಇವತ್ತು ಬೇಡ.”

“ಯಾಕ್ ಬೇಡ? ಎಲ್ಲರನ್ನೂ ಹತ್ತಿಸ್ತಿದೀರಲ್ಲ.”

ಹಿಂದೆ ನಿಂತಿದ್ದ ಟೋಪಿಯ ಮುದುಕರು ಕೆಮ್ಮಿದರು. ಕಂಕುಳಲ್ಲಿ ಮಗು ಎತ್ತಿಕೊಂಡಿದ್ದ ಹುಡುಗಿ ಅವನ ಮುಖವನ್ನೇ ನೋಡಿದಳು, ಅವಳ ಗಂಡನೂ ನೋಡಿದ. ಯಾಕೆ ಬೇಡ ಎಂದು ಹೇಳುವ ಹಾಗಿತ್ತೇ? ಅತ್ತಿಗೆ ಬೇರೆ, “ಪಾಪ, ನಮ್ಮ ಮೇಲಿನ ಪ್ರೀತಿ ಉಕ್ಕಿ ಬಂದಿದೆ, ಬಿಡೇ, ಹತ್ತು” ಎಂದು ನಗಾಡಿದರು. ಅವನು ಬಾಗಿಲು ಹಾಕಿ, ಚಿಲಕವನ್ನು ಎಳೆದು ನೋಡಿದ. ಮತ್ತೆ ಎಳೆದು ನೋಡಿದ. ಗಾಜಿನೊಳಗಿಂದ ಹೆಂಡತಿ ಚಿಕ್ಕ ಹುಡುಗಿಯ ಹಾಗೆ ಕಣ್ಣರಳಿಸಿ ಕೈ ಬೀಸಿದಳು. ಆ ಖುಷಿ ಕಂಡು ಅವನಿಗೆ ಅಳು ಬಂದ ಹಾಗಾಯಿತು.

ಡಬ್ಬಿ ಹೊರಟಿತು. ಅವನು ಅಂಗೈಯನ್ನು ಚೌಕಟ್ಟಿಗೆ ಒತ್ತಿ ನಿಂತ. ಬೆವರಿಗೆ ಕಬ್ಬಿಣ ಜಾರುತ್ತಿತ್ತು. ಮೊದಲ ಕಂಬ ದಾಟಿತು. ಕೆಳಗೆ ಬಂಡೆ, ಬಂಡೆಯಾಚೆ ಪ್ರಪಾತ. ಡಬ್ಬಿ ಸಣ್ಣದಾಗುತ್ತ ಆಗುತ್ತ ಎರಡನೇ ಕಂಬದತ್ತ ಸರಿಯಿತು. ಇನ್ನೇನು ತಲುಪಬೇಕು, ಅವನ ಇನ್ನೊಂದು ಕೈ ತಾನಾಗಿ ಹೋಗಿ ಕೆಂಪು ಗುಂಡಿಯನ್ನು ಒತ್ತಿಬಿಟ್ಟಿತು.

ಯಂತ್ರ ನಿಂತಿತು. ಆಕಾಶದಲ್ಲಿ ಡಬ್ಬಿ ತೂಗಾಡತೊಡಗಿತು. ಕೋಣೆಯ ಫೋನು ಗಣಗಣಿಸಿತು, ಡಬ್ಬಿಯೊಳಗಿಂದ.

“ರೀ, ಯಾಕೆ ನಿಂತಿತು?” ಹೆಂಡತಿಯ ದನಿ. ಹಿಂದೆ ಮಗು ಅಳುತ್ತಿತ್ತು.

“ಏನಿಲ್ಲ. ಚೆನ್ನಾಗಿ ನೋಡ್ಕೊಳ್ಳಿ ಅಂತ.”

“ಸುಳ್ಳು ಹೇಳ್ಬೇಡಿ. ನಿಮ್ಮ ದನಿ ನಡುಗ್ತಿದೆ.”

“ಎಲ್ಲರೂ ಕೂತ್ಕೊಳ್ಳಿ. ಯಾರೂ ಆ ಕಡೆ ಈ ಕಡೆ ಓಡಾಡ್ಬೇಡಿ. ಮೆಲ್ಲಗೆ ವಾಪಸ್ ತರ್ತೀನಿ.”

ಅಷ್ಟರಲ್ಲಿ ಮ್ಯಾನೇಜರ್ ಏದುಸಿರು ಬಿಡುತ್ತ ಓಡಿಬಂದರು. “ಮತ್ತೇನಪ್ಪಾ? ಈ ಸಲ ಯಾವ ಹಕ್ಕಿ?”

“ಎರಡನೇ ಕಂಬ ಸಾರ್. ಶಬ್ದ.”

“ಡಬ್ಬಿ ಇನ್ನೂ ಕಂಬ ಮುಟ್ಟೇ ಇಲ್ವಲ್ಲ. ಶಬ್ದ ಎಲ್ಲಿಂದ ಬಂತು?”

“ಬಂದಿಲ್ಲ ಸಾರ್. ಬರ್ತಿತ್ತು.”

“ಬರ್ತಿತ್ತು ಅಂತ ನಿಂಗೆ ಹೆಂಗೆ ಗೊತ್ತು?”

ಅವನ ಕಣ್ಣು ಬೆಳಿಗ್ಗೆ ಸಹಿ ಹಾಕಿದ ಕಾಗದದ ಮೇಲೆ ಹೋಯಿತು. ಮ್ಯಾನೇಜರ್ ಮುಖದಲ್ಲಿದ್ದ ನಗು ಮೆಲ್ಲಗೆ ಇಳಿದುಹೋಯಿತು. ಅವರು ಹೊರಗೆ ಹೋಗಿ ಟಿಕೆಟ್ ಕೌಂಟರ್ ಮುಚ್ಚಿಸಿದರು. ಅವನು ತುರ್ತಿಗೆಂದಿದ್ದ ಸಣ್ಣ ಮೋಟಾರು ಹಾಕಿ ಡಬ್ಬಿಯನ್ನು ಹಿಂದಕ್ಕೆಳೆಯತೊಡಗಿದ. ಅದರದು ಬಸವನಹುಳುವಿನ ನಡಿಗೆ, ಇದ್ದಲ್ಲೇ ಇದ್ದಂತೆ ಕಾಣುತ್ತದೆ. ಗೊತ್ತಿದ್ದ ದೇವರನ್ನೆಲ್ಲ ಕರೆದ. ಡಬ್ಬಿಯ ತಳ ನೆಲಕ್ಕೆ ತಾಗಿದಾಗ ಸ್ಟೂಲಿನ ಮೇಲೆ ಕೂತುಬಿಟ್ಟ.

ಹೆಂಡತಿ ಇಳಿದು ನೇರ ಕೋಣೆಗೇ ಬಂದಳು. ಅವನು ಇದ್ದದ್ದನ್ನೆಲ್ಲ ಹೇಳಿದ. ಶಬ್ದ ಎಂದಿನಿಂದ, ಮ್ಯಾನೇಜರ್ ಬಾಗಿಲಿಗೆ ಹೋಗಿ ಹಿಂದಿರುಗಿದ್ದು, ಬೆಳಿಗ್ಗೆಯ ಚೀಲಗಳು, ಕೈ ಬೀಸುತ್ತ ಹೋದ ಮೊದಲ ತಂಡ. ನಿನ್ನನ್ನು ಉಳಿಸಿಕೊಂಡೆ ಎಂಬ ಮಾತೂ ಅವನ ಬಾಯಲ್ಲಿ ಬಂತು. ಅವಳು ಅಳುತ್ತಾಳೆ, ಕೈ ಹಿಡಿದುಕೊಳ್ಳುತ್ತಾಳೆ ಎಂದುಕೊಂಡಿದ್ದನೋ ಏನೋ.

“ನಿನ್ನೆ ಇದರಲ್ಲಿ ಯಾರ್ಯಾರು ಹೋದ್ರು?” ಎಂದಳು ಅವಳು.

ಅವನಿಗೆ ನೆನಪಿಗೆ ಬಂದದ್ದು ಒಬ್ಬಳು ಅಜ್ಜಿ. ಮೆಟ್ಟಿಲು ಹತ್ತಲಾರದೆ ಅವನ ತೋಳು ಹಿಡಿದುಕೊಂಡಿದ್ದಳು. “ಬೀಳಲ್ಲ ತಾನೇ ಮಗಾ?” ಎಂದಿದ್ದಳು. “ನಾನಿದೀನಲ್ಲ ಅಜ್ಜಿ, ಹೋಗ್ಬನ್ನಿ” ಎಂದು ಅವನೇ ಬಾಗಿಲು ಹಾಕಿದ್ದ. ಹೆಂಡತಿಗೆ ಅದನ್ನು ಹೇಳಲು ಹೋದ. ಅವಳು ಕಾಯಲಿಲ್ಲ. ಅಕ್ಕನನ್ನು ಕರೆದುಕೊಂಡು ಹೊರಟುಹೋದಳು.

ಕಂಬದ ಮೇಲೆ, ಹಗ್ಗ ಹಾಯುವ ಚಕ್ರಗಳಲ್ಲಿ ಒಂದು ಸೀಳುಬಿಟ್ಟಿತ್ತು. ಇವತ್ತೇ ಬೀಳುತ್ತಿರಲಿಲ್ಲ ಎಂದರು ಮ್ಯಾನೇಜರ್. ಯಾವತ್ತು ಎಂದು ಅವನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಅವನಿಗೊಂದು ಎಚ್ಚರಿಕೆಯ ಪತ್ರ ಬಂತು, ಬರಬೇಕಾದದ್ದೇ. ಹೊಸ ಚಕ್ರ ಬಂದು ಕೂರುವವರೆಗೆ ಮನೆಯಲ್ಲಿ ಹೆಂಡತಿ ಬೇಕಾದಷ್ಟೇ ಮಾತಾಡಿದಳು. ಬೆಟ್ಟದ ಸುದ್ದಿ ಎತ್ತಲಿಲ್ಲ, ಜೌಗಿಗೂ ಹೋಗಲಿಲ್ಲ, ಗುಹೆಗೂ ಹೋಗಲಿಲ್ಲ. ಅವಳು ಮನೆಯಲ್ಲೇ ಕೂತದ್ದು ಅವನಿಗೆ ಎಲ್ಲ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಮತ್ತೆ ಶುರುವಾಗುವ ಬೆಳಿಗ್ಗೆ ಅವನು ಮರಳುಚೀಲಗಳನ್ನು ಕೂರಿಸಿದ. ಕೂರಿಸಿ, ಕಿಟಕಿ ಪಕ್ಕದ ಒಂದನ್ನು ಎತ್ತಿ ಕೆಳಗಿಟ್ಟು, ಆ ಜಾಗದಲ್ಲಿ ತಾನೇ ಕೂತ.

“ಏನಯ್ಯಾ ಇದು?” ಎಂದರು ಮ್ಯಾನೇಜರ್.

“ಇನ್ಮೇಲೆ ದಿನಾ ಮೊದಲ ಸುತ್ತಿಗೆ ನಾನೂ ಒಂದು ಚೀಲ ಸಾರ್. ನೀವು ಕೆಳಗೆ ಯಂತ್ರ ನೋಡ್ಕೊಳ್ಳಿ.”

ಅವರು ನಗಲಿಲ್ಲ. ಬಾಗಿಲು ಹಾಕಿದರು.

ಡಬ್ಬಿ ನೆಲ ಬಿಟ್ಟಿತು. ಸುತ್ತ ಚೀಲಗಳು ತೆಪ್ಪಗೆ ಕೂತಿದ್ದವು. ಕಂಬಿ ಹಿಡಿದು ಕಣ್ಣು ಮುಚ್ಚಿದ. ಮೊದಲ ಕಂಬ. ಆಮೇಲೆ ಎರಡನೆಯದು ಹತ್ತಿರ ಬರುವುದು ಬೆನ್ನಿಗೇ ತಿಳಿಯಿತು. ಡಬ್ಬಿ ಒಮ್ಮೆ ಕುಲುಕಿ ದಾಟಿಕೊಂಡಿತು. ಟಕ್ ಇಲ್ಲ. ಕಣ್ಣು ಬಿಟ್ಟರೆ, ಅಯ್ಯೋ, ಇಷ್ಟು ವರ್ಷ ಇದೆಲ್ಲ ಇಲ್ಲೇ ಇತ್ತೇ! ಕೆರೆ, ಅದರ ಆಚೆ ಇನ್ನೊಂದು ಕೆರೆ, ಬಿಸಿಲು ಬಿದ್ದ ಹಳೇ ಸೇತುವೆ, ಹೆಂಡತಿ ಹೋಗಿ ಬಂದ ಜಾಗಗಳೆಲ್ಲ ಒಂದೇ ನೋಟಕ್ಕೆ. ಈಚೆಗೆ ಅವರದೇ ಮನೆ, ಮಾಡಿನ ಮೇಲೆ ಒಣಗಲು ಹಾಕಿದ ಹಸಿರು ಹೊದಿಕೆ.

ಫೋನು ಗಣಗಣಿಸಿತು. ಮ್ಯಾನೇಜರ್ ಇರಬೇಕೆಂದು ಎತ್ತಿಕೊಂಡ.

“ಏನ್ ಕಾಣ್ತಿದೆ?” ಹೆಂಡತಿ. ಕೆಳಗಿನ ಯಂತ್ರದ ಕೋಣೆಗೆ ಎಷ್ಟು ಹೊತ್ತಿಗೆ ಬಂದಿದ್ದಳೋ.

“ನಮ್ಮನೆ ಕಾಣ್ತಿದೆ ಕಣೇ.”

“ಭಯ ಆಗ್ತಿದೆಯಾ?” ಎಂದು ಕೇಳಿದಳು.

ಇಲ್ಲ ಎನ್ನಲು ಹೊರಟವನು ತಡೆದುಕೊಂಡ. “ಆಗ್ತಿದೆ. ತುಂಬಾ.”

“ಸರಿ ಹಾಗಿದ್ರೆ” ಎಂದಳು ಅವಳು. “ಮುಂದಿನ ಸುತ್ತಿಗೆ ನಾನು, ಅಕ್ಕ ಟಿಕೆಟ್ ತಗೋತೀವಿ.”